ಈಸ್ ಅಂತ ಬರೀಲಾ, ವಾಸ್ ಅಂತ ಬರೀಲಾ?

ಬೇರೆಯವರ ಇಂಗ್ಲಿಷ್ ತಿದ್ದುವುದು ನನ್ನ ಹೊಟ್ಟೆಪಾಡು. ಶಿವಮೊಗ್ಗದ ಮನೆಯಲ್ಲೇ ಕೂತು ಮಾಡುವ ಕೆಲಸ. ಕೃಷಿ ವಿಜ್ಞಾನದ ಪೇಪರ್‌ಗಳು, ಸಂಘಸಂಸ್ಥೆಗಳ ವರದಿಗಳು, ನಿವೃತ್ತರಾದವರ ಆತ್ಮಕಥೆಗಳು, ಅಪರೂಪಕ್ಕೆ ಒಂದು ಕಾದಂಬರಿ. ಕೆಲಸ ಏನು ಅಂತ ಹೇಳಿದರೆ "ಓ, ಸ್ಪೆಲಿಂಗ್ ನೋಡ್ತೀರಾ" ಅಂತಾರೆ. ಸ್ಪೆಲಿಂಗನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. 'ಎ' ಎಲ್ಲಿ, 'ದಿ' ಎಲ್ಲಿ ಅನ್ನುವುದು ಬೇಜಾರಿನ ಕೆಲಸ, ಕಷ್ಟದ್ದಲ್ಲ. ನಾನು ಪೆನ್ನು ಕೆಳಗಿಟ್ಟು ಕೂರುವುದು ಟೆನ್ಸ್ ಬಂದಾಗ. ಈ ವಾಕ್ಯ ಪ್ರೆಸೆಂಟ್‌ನಲ್ಲಿ ಇರಬೇಕಾ, ಪಾಸ್ಟ್‌ನಲ್ಲಾ? ಒಂದು ತಪ್ಪಾಗಿದ್ದರೆ ಸುಲಭ, ತಿದ್ದಿ ಮುಂದೆ ಹೋಗಬಹುದು. ಎಷ್ಟೋ ಸಲ ಎರಡೂ ಸರಿಯೇ ಇರುತ್ತವೆ. ತಲೆನೋವು ಶುರುವಾಗುವುದೇ ಅಲ್ಲಿ.

ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು 12 ಚೌಕಗಳ ಚಾರ್ಟು. ಮೇಲೆ ಪ್ರೆಸೆಂಟ್, ಪಾಸ್ಟ್, ಫ್ಯೂಚರ್. ಪಕ್ಕದಲ್ಲಿ ಸಿಂಪಲ್, ಕಂಟಿನ್ಯುಅಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಅಸ್. ರೆನ್ ಅಂಡ್ ಮಾರ್ಟಿನ್ ಪುಸ್ತಕ ಇಟ್ಟುಕೊಂಡು ಒಂದೊಂದು ಚೌಕವನ್ನೂ ತುಂಬಿಸಿದ್ದೇ ತುಂಬಿಸಿದ್ದು. ಆದರೆ ಭಾಷಾವಿಜ್ಞಾನಿಗಳನ್ನು ಕೇಳಿದರೆ ಆ ಚಾರ್ಟಿನ ಮೂರನೇ ಒಂದು ಭಾಗವನ್ನು ಹರಿದು ಹಾಕುತ್ತಾರೆ. ಹಡಲ್‌ಸ್ಟನ್ ಮತ್ತು ಪುಲಮ್ ಸೇರಿ ತಂದ, 2002ರಲ್ಲಿ ಪ್ರಕಟವಾದ ಕೇಂಬ್ರಿಡ್ಜ್ ವ್ಯಾಕರಣದಲ್ಲಿ ಇಂಗ್ಲಿಷಿಗೆ ಫ್ಯೂಚರ್ ಟೆನ್ಸೇ ಇಲ್ಲ ಅಂತ ವಾದವಿದೆ. 'ವಿಲ್' ಅನ್ನುವುದು 'ಕ್ಯಾನ್', 'ಮೇ' ಇವುಗಳ ಜಾತಿಗೇ ಸೇರಿದ ಸಹಾಯಕ ಪದ. ಕ್ರಿಯಾಪದ ತಾನಾಗಿ ಬದಲಾಗುವುದು 'ಗೋ', 'ವೆಂಟ್' ಅಂತ ಎರಡೇ ರೀತಿ.

ಆ ಎರಡರಲ್ಲೂ 'ವೆಂಟ್' ಬರೀ ಕಳೆದುಹೋದ ಹೊತ್ತಿಗೆ ಮೀಸಲಲ್ಲ. 'ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಹೆಲ್ಪ್' ಅಂತ ಮೇಲ್ ಬಂದರೆ ಆ ಮನುಷ್ಯ ಈಗಲೇ ಸಹಾಯ ಕೇಳುತ್ತಿದ್ದಾನೆ. ಸ್ವಲ್ಪ ಹಿಂದೆ ಸರಿದು ನಿಂತು ಕೇಳುತ್ತಿದ್ದಾನೆ, ಅಷ್ಟೇ. 'ಇಫ್ ಐ ಹ್ಯಾಡ್ ಎ ಕಾರ್' ಅಂದರೆ ಈಗ ಕಾರಿಲ್ಲ ಅಂತ. 'ಇಟ್ಸ್ ಟೈಮ್ ವಿ ಲೆಫ್ಟ್' ಅಂದವರು ಇನ್ನೂ ಸೋಫಾದಿಂದ ಎದ್ದೇ ಇಲ್ಲ. ಒಂದು ಕಡೆ ವಿನಯ, ಒಂದು ಕಡೆ ಇಲ್ಲದ್ದರ ಕಲ್ಪನೆ, ಇನ್ನೊಂದು ಕಡೆ ನಿಜವಾಗಿ ಮುಗಿದುಹೋದ ಸಂಗತಿ. ಮೂರಕ್ಕೂ ಒಂದೇ ರೂಪ ಯಾಕೆ? ಮೂರರಲ್ಲೂ ಒಂದು ದೂರ ಇದೆ. ಈ 'ದೂರ' ಅನ್ನುವುದು ತಲೆಗೆ ಹೊಕ್ಕ ಮೇಲೆ ನಾನು ಟೆನ್ಸನ್ನು ನೋಡುವ ರೀತಿಯೇ ಬೇರೆಯಾಯಿತು. ಯಾವಾಗ ನಡೆಯಿತು ಅಂತ ಕೇಳುವುದನ್ನು ಬಿಟ್ಟೆ. ಬರೆಯುವವರು ಎಲ್ಲಿ ನಿಂತು ಬರೆಯುತ್ತಿದ್ದಾರೆ ಅಂತ ಕೇಳತೊಡಗಿದೆ.

ಇದನ್ನು ವಿವರಿಸಲು ನಾನು ಕ್ರಿಕೆಟ್ಟಿಗೆ ಹೋಗುತ್ತೇನೆ, ಎಲ್ಲರಿಗೂ ತಟ್ಟನೆ ಅರ್ಥವಾಗುತ್ತದೆ. 2011ರ ಏಪ್ರಿಲ್ 2, ವಾಂಖೆಡೆ, ವಿಶ್ವಕಪ್ ಫೈನಲ್. ಕುಲಶೇಖರನ ಚೆಂಡನ್ನು ಧೋನಿ ಲಾಂಗ್ ಆನ್ ಮೇಲೆ ಎತ್ತಿ ಹೊಡೆದ. ರವಿ ಶಾಸ್ತ್ರಿ ಕೂಗಿದ್ದು ನಮಗೆಲ್ಲ ಬಾಯಿಪಾಠ: 'ಧೋನಿ ಫಿನಿಶಸ್ ಆಫ್ ಇನ್ ಸ್ಟೈಲ್!' ಗಮನಿಸಿ, 'ಫಿನಿಶಸ್'. ಅವರು ಬಾಯಿ ತೆರೆಯುವಷ್ಟರಲ್ಲಿ ಚೆಂಡು ಬ್ಯಾಟಿನಿಂದ ಹೊರಟಾಗಿತ್ತು. ಗಡಿಯಾರದ ಪ್ರಕಾರ ಅದು ಆಗಲೇ ಪಾಸ್ಟ್. ಆದರೂ ಯಾವ ಕಾಮೆಂಟೇಟರ್ ಕೂಡ ಅಲ್ಲಿ 'ಫಿನಿಶ್ಡ್' ಅನ್ನುವುದಿಲ್ಲ. ಕೇಳುವವರ ಪಕ್ಕದಲ್ಲೇ ಕೂತು ನೋಡುತ್ತಿದ್ದೇನೆ ಅನ್ನುವುದು ಅವರ ಜಾಗ. ಅದಾದ ಮೇಲೆ ರೀಪ್ಲೇ ಬರುತ್ತದೆ. ಆಗ ಅದೇ ಬಾಯಲ್ಲಿ 'ವಾಟ್ ಎ ಶಾಟ್ ದಟ್ ವಾಸ್' ಬರುವುದು ಮಾಮೂಲಿ. ಚೆಂಡು ಬೌಂಡರಿ ದಾಟಿತು, ಹೇಳುವವರು ಎರಡು ಹೆಜ್ಜೆ ಹಿಂದೆ ಬಂದರು.

ಮಾರನೆಯ ದಿನದ ಪತ್ರಿಕೆಗೆ ಬನ್ನಿ. ಇಂಗ್ಲಿಷ್ ವರದಿಯ ಒಳಗೆ ಎಲ್ಲವೂ ಪಾಸ್ಟ್. ಗಂಭೀರ್ 97 ಹೊಡೆದ, ಧೋನಿ 91ಕ್ಕೆ ಅಜೇಯನಾಗಿ ಉಳಿದ, ಭಾರತ ಆರು ವಿಕೆಟ್‌ಗಳಿಂದ ಗೆದ್ದಿತು. ಅದರ ತಲೆಯ ಮೇಲೆ ಕೂತ ಹೆಡ್‌ಲೈನ್ ಮಾತ್ರ ಮತ್ತೆ ಪ್ರೆಸೆಂಟ್. ಒಂದೇ ಸಿಕ್ಸರಿಗೆ ಒಂದೇ ದಿನದಲ್ಲಿ ಇಷ್ಟು ಓಡಾಟ!

ಹೆಡ್‌ಲೈನಿನ ಪ್ರೆಸೆಂಟ್ ಒಂಥರಾ ಮೊಂಡು. ಸತ್ತವರ ಸುದ್ದಿಗೂ 'ಡೈಸ್' ಅಂತಲೇ ಹಾಕುತ್ತದೆ. ಎಲ್ಲಕ್ಕಿಂತ ಮೋಜಿನದು 1948ರ ನವೆಂಬರ್ 3ರ ಶಿಕಾಗೋ ಡೈಲಿ ಟ್ರಿಬ್ಯೂನ್. ಅಮೆರಿಕದ ಅಧ್ಯಕ್ಷ ಚುನಾವಣೆಯ ಎಣಿಕೆ ಮುಗಿಯುವ ಮೊದಲೇ 'ಡ್ಯೂಯಿ ಡಿಫೀಟ್ಸ್ ಟ್ರೂಮನ್' ಅಂತ ಅಚ್ಚು ಹಾಕಿಬಿಟ್ಟರು. ಗೆದ್ದದ್ದು ಟ್ರೂಮನ್. ಆ ಪತ್ರಿಕೆಯನ್ನು ಎತ್ತಿ ಹಿಡಿದು ಅವರು ಹಲ್ಲು ಕಿರಿಯುತ್ತಿರುವ ಫೋಟೋ ನೀವೂ ನೋಡಿರುತ್ತೀರಿ. ಪತ್ರಿಕೆಯವರ ಮರಣವಾರ್ತೆಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಬರಹ ಪೂರ್ತಿ ಪಾಸ್ಟ್‌ನಲ್ಲಿ ಸಾಗುತ್ತದೆ, ಅವರು ಮೇಷ್ಟ್ರಾಗಿದ್ದರು, ತೋಟ ಮಾಡಿದರು ಅಂತೆಲ್ಲ. ಕೊನೆಯ ಸಾಲು ಬಂದಾಗ 'ಹಿ ಈಸ್ ಸರ್ವೈವ್ಡ್ ಬೈ ಹಿಸ್ ವೈಫ್ ಅಂಡ್ ಟೂ ಡಾಟರ್ಸ್'. ಅಲ್ಲಿ 'ವಾಸ್' ಅಂದರೆ ಆ ಹೆಂಗಸರೂ ಈಗಿಲ್ಲ ಅಂದಂತಾಗುತ್ತದೆ. ಇದನ್ನು ಕಣ್ಣಿಗೆ ಬಿದ್ದಲ್ಲೆಲ್ಲ 'ವಾಸ್' ಮಾಡುವ ಉತ್ಸಾಹಿಗಳಿದ್ದಾರೆ. ದಯವಿಟ್ಟು ಬೇಡ.

ಈಗ ನನಗೆ ಅನ್ನ ಹಾಕುವ ವಿಷಯಕ್ಕೆ ಬರುತ್ತೇನೆ, ಪೇಪರ್‌ಗಳಿಗೆ. ನಮ್ಮ ಕಡೆಯವು ಅಂದರೆ ಅಡಿಕೆ ಇರಲೇಬೇಕು, ಅಡಿಕೆ ಅಂದರೆ ಕೊಳೆರೋಗ ಇರಲೇಬೇಕು. ಮೈಲುತುತ್ತ, ಸುಣ್ಣ ಸೇರಿಸಿದ ಒಂದು ಪರ್ಸೆಂಟ್ ಬೋರ್ಡೋ ದ್ರಾವಣ ಹೊಡೆದು ಕಾಯಿ ಉಳಿಸಿಕೊಳ್ಳುವುದು ಮಲೆನಾಡಿನವರಿಗೆಲ್ಲ ಗೊತ್ತಿರುವ ಸಂಗತಿ. ಸಂಶೋಧಕರು ಅದನ್ನೇ ಒಂದು ತೋಟದಲ್ಲಿ ಅಳೆದು ನೋಡಿ ಬರೆಯುತ್ತಾರೆ. 'ಸ್ಪ್ರೇಯಿಂಗ್ ರೆಡ್ಯೂಸ್ಡ್ ಫ್ರೂಟ್ ರಾಟ್' ಅಂತ ಬರೆದರೆ ನಮ್ಮ ತೋಟದಲ್ಲಿ, ಆ ಮಳೆಗಾಲದಲ್ಲಿ ಕಡಿಮೆಯಾಯಿತು ಅಂತ. ಅದನ್ನೇ 'ಸ್ಪ್ರೇಯಿಂಗ್ ರೆಡ್ಯೂಸಸ್ ಫ್ರೂಟ್ ರಾಟ್' ಅಂದರೆ ಎಲ್ಲ ತೋಟದಲ್ಲೂ, ಯಾವ ವರ್ಷ ನೋಡಿದರೂ ಕಡಿಮೆಯಾಗುತ್ತದೆ ಅಂತ. ಬದಲಾಗಿದ್ದು ಕೊನೆಯ ಒಂದು ಸದ್ದು. ಹೊರಬೇಕಾದ ಜವಾಬ್ದಾರಿ ನೂರು ಪಟ್ಟು. ಅದಕ್ಕೇ ವಿಧಾನವೂ ಫಲಿತಾಂಶವೂ ಪಾಸ್ಟ್‌ನಲ್ಲಿ ಇರಲಿ, ತೀರ್ಮಾನಕ್ಕೆ ಬಂದಾಗ ಧೈರ್ಯ ಇದ್ದರೆ ಪ್ರೆಸೆಂಟಿಗೆ ಬನ್ನಿ ಅನ್ನುತ್ತೇನೆ. 'ಫಿಗರ್ 2 ಷೋಸ್' ಅನ್ನುವುದು ಮಾತ್ರ ಯಾವಾಗಲೂ ಪ್ರೆಸೆಂಟ್. ಚಿತ್ರ ಇನ್ನೂ ಅಲ್ಲೇ ಇದೆಯಲ್ಲ.

ಹಿಂದಿನವರ ಕೆಲಸ ಹೇಳುವಾಗ ಇನ್ನೂ ಸೂಕ್ಷ್ಮ. ಕೊಳೆರೋಗದ ಬಗ್ಗೆ ಬರೆಯುವವರು ಲೆಸ್ಲಿ ಕೋಲ್ಮನ್‌ನನ್ನು ಬಿಟ್ಟು ಹೋಗಲಾರರು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಈ ವಿಜ್ಞಾನಿ ಈ ರೋಗದ ಬಗ್ಗೆ 1910ರಲ್ಲೇ ಬುಲೆಟಿನ್ ಪ್ರಕಟಿಸಿದ. ಅದರ ಹೆಸರಿನಲ್ಲೂ 'ಕೊಳೆರೋಗ' ಅಂತಲೇ ಇದೆ, ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಇರಲಿ. ಕೋಲ್ಮನ್ ವರದಿ ಮಾಡಿದ್ದು ಮುಗಿದ ಕೆಲಸ, ಅಲ್ಲಿ 'ರಿಪೋರ್ಟೆಡ್' ಸರಿ. ಅದರ ಮುಂದಿನ ಮಾತು? ಮಳೆಗಾಲದಲ್ಲಿ ರೋಗ 'ಸ್ಪ್ರೆಡ್ಸ್' ಅಂತ ಹಾಕುತ್ತೇನೆ, ಈ ವರ್ಷವೂ ಹರಡುತ್ತದೆ. ಆದರೆ ಆ ರೋಗಾಣುವನ್ನು ಆ ಕಾಲದಲ್ಲಿ ಶಿಲೀಂಧ್ರ ಅಂದುಕೊಂಡಿದ್ದರು. ಈಗ ಆ ರೋಗಾಣು, ಅಂದರೆ ಫೈಟಾಫ್ತೊರಾ, ನಿಜವಾದ ಶಿಲೀಂಧ್ರವಲ್ಲ, ಅದರ ಗುಂಪೇ ಬೇರೆ ಅನ್ನುವುದು ಒಪ್ಪಿತ ವಿಷಯ. ಅಲ್ಲಿ 'ವಾಸ್ ಎ ಫಂಗಸ್' ಅಂತಲೇ ಇಡಬೇಕು. 'ಈಸ್' ಹಾಕಿದರೆ ಇವತ್ತಿನ ಸಂಶೋಧಕರೂ ಅದಕ್ಕೆ ರುಜು ಹಾಕಿದ ಹಾಗೆ. ಒಂದೇ ವಾಕ್ಯದಲ್ಲಿ ಹಳಬರನ್ನು ಎಲ್ಲಿ ಒಪ್ಪುತ್ತೀರಿ, ಎಲ್ಲಿ ಕೈ ಬಿಡುತ್ತೀರಿ ಅನ್ನುವುದನ್ನು ಟೆನ್ಸ್ ಒಂದೇ ಹೇಳಿಬಿಡುತ್ತದೆ. ಜಗಳವಿಲ್ಲ, ಅಡಿಟಿಪ್ಪಣಿ ಬೇಕಿಲ್ಲ. ಇಂಗ್ಲಿಷಿನ ಬಗ್ಗೆ ನನಗೆ ಪ್ರೀತಿ ಉಕ್ಕುವುದು ಇಂಥ ಜಾಗಗಳಲ್ಲಿ.

ಪ್ರೀತಿ ಕಡಿಮೆಯಾಗುವ ಜಾಗವೂ ಇದೆ. ನಮ್ಮವರ 'ಹ್ಯಾಡ್'. 'ಐ ಹ್ಯಾಡ್ ಸೆಂಟ್ ದಿ ಮೇಲ್ ಎಸ್ಟರ್‌ಡೇ', 'ವಿ ಹ್ಯಾಡ್ ಗಾನ್ ಟು ಜೋಗ್ ಲಾಸ್ಟ್ ವೀಕ್'. ಆಫೀಸುಗಳಲ್ಲಿ ಇದೇ ಚಲಾವಣೆ. ಎಲ್ಲಿಂದ ಬಂತು ಅಂತ ಹುಡುಕಲು ದೂರ ಹೋಗಬೇಕಿಲ್ಲ. ನಾವು 'ಹೋದ ವಾರ ಜೋಗಕ್ಕೆ ಹೋಗಿದ್ವಿ' ಅಂತೀವಿ. ಅಲ್ಲಿಗೆ ಮಾತು ಮುಗಿಯಿತು, ಯಾರೂ ಮುಂದೇನು ಅಂತ ಕಾಯುವುದಿಲ್ಲ. ಇಂಗ್ಲಿಷಿನವನು ಕಾಯುತ್ತಾನೆ. 'ಹ್ಯಾಡ್ ಗಾನ್' ಅಂದ ಕೂಡಲೇ ಅದರ ಆಮೇಲೆ ಏನೋ ಆಯಿತು, ಅದನ್ನು ಹೇಳುತ್ತಾರೆ ಅಂತ ಕಿವಿ ನಿಮಿರಿಸುತ್ತಾನೆ. ನಾವು ಹೇಳುವುದೇ ಇಲ್ಲ. ಇದು ಇಂಡಿಯನ್ ಇಂಗ್ಲಿಷ್, ನಮ್ಮ ಹಕ್ಕು ಅಂತ ವಾದಿಸುವವರಿದ್ದಾರೆ. ನಮ್ಮ ನಮ್ಮೊಳಗೆ ಮಾತಾಡುವಾಗ ಧಾರಾಳವಾಗಿ ಒಪ್ಪುತ್ತೇನೆ. ಹೊರದೇಶದ ಜರ್ನಲ್ಲಿಗೆ ಕಳಿಸುವಾಗ ಮಾತ್ರ ಆ 'ಹ್ಯಾಡ್' ಎಲ್ಲ ಕಿತ್ತು ಹಾಕುತ್ತೇನೆ, ಕಳೆ ಕಿತ್ತ ಹಾಗೆ.

ಈ ಬರಹ ಬರೆಯಲು ಕೂತಿದ್ದು ನಿಜವಾಗಿ ಬೇರೆ ಕಾರಣಕ್ಕೆ. ಸಾಗರದ ಕಡೆಯ ಹಿರಿಯರೊಬ್ಬರು ತಮ್ಮ ಬಾಲ್ಯವನ್ನು ಇಂಗ್ಲಿಷಿನಲ್ಲಿ ಬರೆದು ತಂದರು. ಇಂಗ್ಲಿಷ್ ಯಾಕೆ ಅಂದರೆ ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆ, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರ ಊರು ಶರಾವತಿ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರು ನೀರಿನಡಿಗೆ ಹೋಯಿತು. ಅವರೊಬ್ಬರದೇ ಅಲ್ಲ, ಆ ಕಣಿವೆಯ ಎಷ್ಟೋ ಊರುಗಳ ಕತೆ ಇದು.

ಅವರು ಎಲ್ಲೋ ಆನ್‌ಲೈನ್ ಬರವಣಿಗೆಯ ತರಗತಿಗೆ ಸೇರಿದ್ದರಂತೆ. ನೆನಪುಗಳನ್ನು ಪ್ರೆಸೆಂಟ್‌ನಲ್ಲಿ ಬರೆಯಿರಿ, ಓದುಗ ನಿಮ್ಮ ಜೊತೆಗೇ ನಡೆಯುತ್ತಾನೆ ಅಂತ ಅಲ್ಲಿ ಹೇಳಿಕೊಟ್ಟಿದ್ದರು. ಹಾಗಾಗಿ ಪುಸ್ತಕ ಶುರುವಾಗುವುದೇ ಹೀಗೆ: ಇದು 1960, ನನಗೆ ಒಂಬತ್ತು ವರ್ಷ, ಅಮ್ಮ ಹಟ್ಟಿಯಿಂದ ಕೂಗುತ್ತಿದ್ದಾಳೆ. 'ಇಟ್ ಈಸ್', 'ಐ ಆಮ್', 'ಶಿ ಈಸ್ ಕಾಲಿಂಗ್'. ಮೊದಲ ನಾಲ್ಕೈದು ಪುಟ ಚೆನ್ನಾಗಿಯೇ ಇತ್ತು. ನಾವು ಕಟ್ಟೆ ಮೇಲೆ ಕೂತು ಕತೆ ಹೇಳುವಾಗಲೂ ಹೀಗೇ ಅಲ್ವಾ? 'ನಾನು ಹೋಗ್ತೀನಿ, ಬಾಗ್ಲು ತಳ್ತೀನಿ, ನೋಡಿದ್ರೆ ಒಳಗೆ ಯಾರೂ ಇಲ್ಲ!' ನಡೆದದ್ದು ಹತ್ತು ವರ್ಷದ ಹಿಂದೆ. ಬಾಯಿಮಾತಿನಲ್ಲಿ ಇದು ಸೊಗಸು. ಹೇಳುವವರು ಎದುರಿಗೇ ಇರುತ್ತಾರೆ, ಅವರ ನರೆಗೂದಲು ನೋಡಿದರೆ ಇದು ಹಳೆಯ ಕತೆ ಅಂತ ಗೊತ್ತಾಗುತ್ತದೆ. ಪುಸ್ತಕದಲ್ಲಿ ಆ ನರೆಗೂದಲು ಕಾಣುವುದಿಲ್ಲ.

ತೊಡಕು ಬಂದದ್ದು ದೀಪಾವಳಿಯ ಅಧ್ಯಾಯದಲ್ಲಿ. ಆ ಊರಿನಲ್ಲಿ ಅವರು ಮಾಡಿದ ಕೊನೆಯ ದೀಪಾವಳಿ ಅದು. ಗೋಪೂಜೆ, ಕಾಡಿನಿಂದ ತಂದ ಹೂವು, ಎತ್ತಿನ ಕೊರಳಿಗೆ ಅಡಿಕೆ ಸರ, ಎಲ್ಲ ಇದೆ. ಆದರೆ ಒಂಬತ್ತು ವರ್ಷದ ಹುಡುಗ 'ಈಗ' ಅಂತ ಹೇಳುತ್ತಿದ್ದಾನೆ. ಇದೇ ಕೊನೆಯದು ಅಂತ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಹೇಳುವ ಹಾಗಿಲ್ಲ. ಹಿರಿಯರಿಗೆ ಹೇಳಬೇಕು, ಹೇಳದೆ ಇರಲು ಆಗುವುದಿಲ್ಲ. ಹಾಗಾಗಿ ಹುಡುಗನ ಬಾಯಿಗೆ ಎಪ್ಪತ್ತು ದಾಟಿದವರ ಮಾತು ತುರುಕಿದ್ದರು. ಓದಿದರೆ ಹುಡುಗನೂ ಸುಳ್ಳು ಅನಿಸುತ್ತಾನೆ, ಅಜ್ಜನೂ ಸುಳ್ಳು ಅನಿಸುತ್ತಾನೆ. ಪಾಸ್ಟ್‌ನಲ್ಲಾದರೆ ಇಬ್ಬರೂ ಒಂದೇ ವಾಕ್ಯದಲ್ಲಿ ನೆಮ್ಮದಿಯಾಗಿ ಇರಬಹುದು. ಆಗ ಹೂ ತಂದವನು ಹುಡುಗ, ಈಗ ಅದನ್ನು ನೆನೆಯುವವನು ಅಜ್ಜ.

ನಾನು ಇದನ್ನು ಹೇಳಿದಾಗ ಅವರು ಸುಮ್ನೆ ಬಿಡಲಿಲ್ಲ. ಇಂಗ್ಲಿಷ್ ಕಾದಂಬರಿಕಾರ್ತಿ ಹಿಲರಿ ಮ್ಯಾಂಟೆಲ್ ಹೆಸರು ತಂದರು. 'ವುಲ್ಫ್ ಹಾಲ್' ಪೂರ್ತಿ ಪ್ರೆಸೆಂಟ್‌ನಲ್ಲೇ ಇದೆ, 2009ರ ಬುಕರ್ ಬಂತಲ್ಲ ಅಂದರು. ಬಂತು, ಹೌದು. ಮರುವರ್ಷದ ಬುಕರ್ ಕಿರುಪಟ್ಟಿಯ ಆರು ಪುಸ್ತಕಗಳಲ್ಲಿ ಮೂರು ಪ್ರೆಸೆಂಟ್‌ನಲ್ಲಿ ಇದ್ದವು. ಇದೇನು ಫ್ಯಾಷನ್ನು ಅಂತ ಕಾದಂಬರಿಕಾರ ಫಿಲಿಪ್ ಪುಲ್‌ಮನ್ ಸಿಡುಕಿದರು, ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಜಗಳವೇ ಆಯಿತು. ಪುಲ್‌ಮನ್ ಅವರದು ಸ್ವಲ್ಪ ಅತಿಯಾಯಿತು ಅಂತಲೇ ನನ್ನ ಎಣಿಕೆ. ಡಿಕನ್ಸ್ 1850ರ ದಶಕದಲ್ಲೇ 'ಬ್ಲೀಕ್ ಹೌಸ್' ಕಾದಂಬರಿಯ ಒಂದು ಪಾಲನ್ನು ಪ್ರೆಸೆಂಟ್‌ನಲ್ಲೂ, ಎಸ್ತರ್ ಎಂಬ ಹೆಣ್ಣುಮಗಳು ಹೇಳುವ ಪಾಲನ್ನು ಪಾಸ್ಟ್‌ನಲ್ಲೂ ಬರೆದ. ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ.

ಆದರೆ ಮ್ಯಾಂಟೆಲ್ ಪುಸ್ತಕಕ್ಕೂ ಇವರ ಪುಸ್ತಕಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿರುವುದು ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್. 1540ರಲ್ಲಿ ಅವನ ತಲೆ ಕಡಿದರು ಅನ್ನುವುದು ಇಂಗ್ಲಿಷ್ ಓದುಗರಲ್ಲಿ ಬಹಳ ಜನಕ್ಕೆ ಗೊತ್ತು. ಓದುಗನಿಗೆ ಗೊತ್ತು, ಕ್ರಾಮ್ವೆಲ್ಲನಿಗೆ ಗೊತ್ತಿಲ್ಲ. ಪ್ರೆಸೆಂಟ್ ಟೆನ್ಸ್ ಅವನನ್ನು ಆ ಗೊತ್ತಿಲ್ಲದ ಕ್ಷಣದಲ್ಲೇ ನಿಲ್ಲಿಸುತ್ತದೆ, ಓದುವವರ ಎದೆ ಹೊಡೆದುಕೊಳ್ಳುತ್ತದೆ. ನ್ಯೂಜೆರ್ಸಿಯ ಮೊಮ್ಮಗಳಿಗೆ ಲಿಂಗನಮಕ್ಕಿ ಅಂದರೆ ಏನು ಅಂತಲೇ ಗೊತ್ತಿಲ್ಲ. ನೀರು ಬರುತ್ತದೆ ಅಂತ ಹುಡುಗನಿಗೂ ಗೊತ್ತಿಲ್ಲ, ಓದುವವಳಿಗೂ ಗೊತ್ತಿಲ್ಲ. ಹಾಗಾದರೆ ಆ ದೀಪಾವಳಿ ಬರೀ ಒಂದು ಹಬ್ಬದ ವರ್ಣನೆ ಆಗಿಬಿಡುತ್ತದೆ. ಯಾರಾದರೂ ಒಬ್ಬರಿಗೆ ಗೊತ್ತಿರಲೇಬೇಕು. ಈ ಪುಸ್ತಕದಲ್ಲಿ ಅದು ಹೇಳುವವರೇ. ಈ ಮಾತಿಗೆ ಅವರು ಒಪ್ಪಿದರು. ಪೂರ್ತಿ ಪಾಸ್ಟಿಗೆ ತಂದೆವು.

ಆಮೇಲೆ ಶುರುವಾಯಿತು ನೋಡಿ ನಿಜವಾದ ಕೆಲಸ. ಕತೆ ಪಾಸ್ಟ್, ಸರಿ. ನದಿ? ಶರಾವತಿ ಇನ್ನೂ ಹರಿಯುತ್ತಿದೆ, 'ರೈಸಸ್' 'ಫ್ಲೋಸ್' ಇರಬೇಕು. ಅವರ ಮನೆಯ ಎದುರಿಗೆ ಹರಿಯುತ್ತಿದ್ದ ನದಿ ಮಾತ್ರ 'ಫ್ಲೋಡ್', ಅಲ್ಲೀಗ ಇರುವುದು ನಿಂತ ನೀರು. ಹಿಂದಿನ ಗುಡ್ಡ? ಗುಡ್ಡ ಎಲ್ಲೂ ಹೋಗಿಲ್ಲ. ಆಗ ಗುಡ್ಡವಾಗಿತ್ತು, ಈಗ ನಡುಗಡ್ಡೆ. ಒಂದು 'ವಾಸ್', ಒಂದು 'ಈಸ್', ಒಂದೇ ವಾಕ್ಯದಲ್ಲಿ. ಮನೆಯ ಪಾಯದ ಕಲ್ಲು? ನೀರಿನಡಿ ಇರಲೂಬಹುದು. ಅವರು 'ದಿ ಹೌಸ್ ಫೇಸಸ್ ಈಸ್ಟ್' ಅಂತ ಬರೆದಿದ್ದರು. ನಾನು 'ಫೇಸ್ಡ್' ಮಾಡಿದೆ. ಅವರು ಮತ್ತೆ 'ಫೇಸಸ್' ಮಾಡಿ ಕಳಿಸಿದರು. ಮಾರ್ಜಿನ್‌ನಲ್ಲಿ ಒಂದೂ ಮಾತಿಲ್ಲ. ಅದನ್ನು ಹಾಗೇ ಬಿಟ್ಟೆ. ವ್ಯಾಕರಣದ ಕಾರಣ ಕೇಳಿದರೆ ನನ್ನ ಹತ್ತಿರ ಇಲ್ಲ, ಬರೆದವರ ಹಟ ಅಂತ ಒಂದಿರುತ್ತದೆ.

ಹಿರೇಭಾಸ್ಕರದ ಹಳೆಯ ಅಣೆಕಟ್ಟಿನದು ಇನ್ನೊಂದು ಪಂಚಾಯ್ತಿ. ಮಡೆನೂರು ಡ್ಯಾಮ್ ಅಂತಲೂ ಅನ್ನುತ್ತಾರೆ. ಜೋಗದ ವಿದ್ಯುತ್ ಕೇಂದ್ರಕ್ಕಾಗಿ 1940ರ ದಶಕದಲ್ಲಿ ಕಟ್ಟಿದ್ದು. ಅದರ ಕೆಳಗೆ ಲಿಂಗನಮಕ್ಕಿ ಬಂದಾಗ ಅಣೆಕಟ್ಟೇ ಮುಳುಗಿಹೋಯಿತು. ಮಳೆ ಕೈಕೊಟ್ಟ ವರ್ಷ, ಬೇಸಿಗೆಯಲ್ಲಿ ನೀರು ಇಳಿದರೆ ಮೇಲೆ ಏಳುತ್ತದೆ, ಜನ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ಇದಕ್ಕೆ ಏನು ಹಾಕುವುದು? 'ದೇರ್ ವಾಸ್ ಎ ಡ್ಯಾಮ್' ಅಂದರೆ ಒಡೆದು ಹಾಕಿದರು ಅನಿಸುತ್ತದೆ. 'ದೇರ್ ಈಸ್' ಅಂದರೆ ನಾಳೆ ಹೋದರೆ ನೋಡಬಹುದು ಅನಿಸುತ್ತದೆ. ಕೊನೆಗೆ 'ಸ್ಟಿಲ್ ಸ್ಟ್ಯಾಂಡ್ಸ್ ಅಂಡರ್ ದಿ ವಾಟರ್' ಅಂತ ಇಟ್ಟೆವು, ಪ್ರೆಸೆಂಟ್‌ನಲ್ಲೇ.

ಇಷ್ಟರ ಮಧ್ಯೆ 2025ರ ಜುಲೈ ಬಂತು. ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ಉದ್ಘಾಟನೆ ಆಯಿತು, 2.44 ಕಿಲೋಮೀಟರ್ ಉದ್ದ. ಇವರ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಹಿನ್ನೀರು ದಾಟಲು ಜನ ಲಾಂಚಿಗೆ ಗಂಟೆಗಟ್ಟಲೆ ಕಾಯುತ್ತಾರೆ ಅಂತ ಇತ್ತು. 'ಪೀಪಲ್ ವೇಟ್'. ನಾವು ಅದನ್ನು ಓಕೆ ಮಾಡಿ ಪಕ್ಕಕ್ಕಿಟ್ಟಿದ್ದೆವು. ಟಿವಿ ನೋಡುತ್ತಿದ್ದ ಅವರೇ ಫೋನ್ ಮಾಡಿದರು. "ಮೇಡಂ, ಒಂದು ಡಿ ಹಾಕ್ಬೇಕಲ್ಲ" ಅಂದರು. 'ವೇಟೆಡ್' ಆಗಲು ಇ ಕೂಡ ಬೇಕು ಅಂದೆ. ಇಬ್ಬರೂ ನಕ್ಕೆವು. ಅರವತ್ತು ವರ್ಷ ಕಾದವರಿಗೆ ಎರಡು ಅಕ್ಷರ ಏನು ಮಹಾ.

ಆ ಪುಸ್ತಕ ಈಗ ಅಚ್ಚಿಗೆ ಹೋಗಿದೆ. ಮೇಜಿನ ಮೇಲೆ ಒಂದು ಸಹಕಾರ ಸಂಘದ ವಾರ್ಷಿಕ ವರದಿ ಬಂದು ಕೂತಿದೆ. ಹೆಸರು ಬೇಡ. ಅದರಲ್ಲಿ ಲಾಭದ ವಾಕ್ಯಗಳೆಲ್ಲ ಪ್ರೆಸೆಂಟ್‌ನಲ್ಲಿವೆ, 'ಸ್ಟ್ಯಾಂಡ್ಸ್ ಅಟ್', 'ಕಂಟಿನ್ಯೂಸ್ ಟು ಗ್ರೋ'. ವಸೂಲಾಗದ ಸಾಲದ ವಾಕ್ಯಗಳೆಲ್ಲ ಪಾಸ್ಟ್‌ನಲ್ಲಿ, 'ವರ್ ಅಬ್ಸರ್ವ್ಡ್', 'ಹ್ಯಾಡ್ ಬೀನ್ ನೋಟೆಡ್'. ಏನೋ ಆಗಿತ್ತು, ಈಗ ಇಲ್ಲ ಅನ್ನುವ ಹಾಗೆ. ಬ್ಯಾಲೆನ್ಸ್ ಶೀಟ್ ತೆಗೆದು ನೋಡಿದರೆ ಸಾಲ ಇನ್ನೂ ಅಲ್ಲೇ ಇದೆ. ಇಷ್ಟು ಜಾಣತನದಿಂದ ಟೆನ್ಸ್ ಬಳಸಿದ ಕರಡು ನಾನು ಈಚೆಗೆ ನೋಡಿಲ್ಲ. ಎಲ್ಲಾ 'ಆರ್' ಮಾಡಿ ವಾಪಸ್ ಕಳಿಸುತ್ತಿದ್ದೇನೆ, ಬಿಲ್ ಜೊತೆಗೆ.